ಎಳ್ಳ ಅಮಾವಾಸ್ಯೆಯ ಚರಗ ಮತ್ತು ಭಜ್ಜಿ: ಎರೆಭೂಮಿಯ ಹಬ್ಬದೂಟವನ್ನು ಕುರಿತು

ಕರ್ನಾಟಕದ ಹಬ್ಬಗಳನ್ನು ಕುರಿತು ನಡೆದಿರುವ ಜಾನಪದ ಅಧ್ಯಯನಗಳಲ್ಲಿ ಆಚರಣೆ, ಹಾಡು, ದೈವದ ಕಥೆ ಇವುಗಳಿಗೆ ದೊರೆತಷ್ಟು ಸ್ಥಾನ ಹಬ್ಬದ ಅಡುಗೆಗೆ ದೊರೆತಿಲ್ಲ. ಅಡುಗೆಯ ಹೆಸರುಗಳನ್ನು ಪಟ್ಟಿ ಮಾಡಿ ಮುಂದೆ ಸಾಗುವುದು ವಾಡಿಕೆ. ಆ ಅಡುಗೆ ಯಾವ ನೆಲದ ಯಾವ ಬೆಳೆಯಿಂದ ಆಯಿತು, ಆ ತಿಥಿಯಂದೇ ಏಕೆ ಆಯಿತು, ಹೊಲದಲ್ಲಿ ಬೆಳೆ ಬದಲಾದಾಗ ಬಾನದ ಬುಟ್ಟಿಯಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಪ್ರಸ್ತುತ ಲೇಖನದಲ್ಲಿ ಬೀದರ, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಆಚರಿಸಲಾಗುವ ಎಳ್ಳ ಅಮಾವಾಸ್ಯೆಯ ಊಟವನ್ನು, ಅದರಲ್ಲಿಯೂ ಮುಖ್ಯವಾಗಿ ‘ಭಜ್ಜಿ’ ಎಂಬ ಒಂದು ಪದಾರ್ಥವನ್ನು, ಈ ದೃಷ್ಟಿಯಿಂದ ನೋಡಲು ಯತ್ನಿಸಲಾಗಿದೆ. ಲೇಖಕನು ಭೀಮಾ ತೀರದ ಒಂದು ಹಳ್ಳಿಯ ಒಕ್ಕಲು ಮನೆಯಿಂದ ಬಂದವನಾದುದರಿಂದ ಇಲ್ಲಿನ ಕೆಲವು ಮಾತುಗಳಿಗೆ ಗ್ರಂಥಗಳಿಗಿಂತ ಸ್ವಾನುಭವವೇ ಆಧಾರ.

ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ಹಳೆಯ ಮೈಸೂರು ಭಾಗದ ಓದುಗರಿಗೆ ಬಜ್ಜಿ ಎಂದರೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ತಿಂಡಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಕಲಬುರಗಿ–ಬೀದರ ಸೀಮೆಯಲ್ಲಿ ಭಜ್ಜಿ ಎಂದರೆ ಹಲವು ಬಗೆಯ ಸೊಪ್ಪು, ಹಸಿಕಾಳು, ಕಾಯಿಪಲ್ಯಗಳನ್ನು ಒಟ್ಟಿಗೆ ಬೇಯಿಸಿ, ಕಡಲೆಹಿಟ್ಟು ಕದಡಿದ ಮಜ್ಜಿಗೆಯನ್ನೋ ಹುಣಸೆಹುಳಿಯನ್ನೋ ಸೇರಿಸಿ ಗಟ್ಟಿಯಾಗಿ ಕಡೆದ ಮೇಲೋಗರ. ವರ್ಷದ ಉಳಿದ ದಿನಗಳಲ್ಲಿ ಇದನ್ನು ಮಾಡಬಾರದೆಂಬ ನಿಷೇಧವೇನೂ ಇಲ್ಲ. ಆದರೆ ಯಾರೂ ಸಾಮಾನ್ಯವಾಗಿ ಮಾಡುವುದಿಲ್ಲ. ಇದು ಎಳ್ಳ ಅಮಾವಾಸ್ಯೆಯ ಅಡುಗೆ.

ಹಬ್ಬದ ಸ್ವರೂಪ

ಮಾರ್ಗಶಿರ ಬಹುಳ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ. ಜನರ ಬಾಯಲ್ಲಿ ಅದು ‘ಎಳ್ಳಮಾಸಿ’. ಗಡಿಯಾಚೆ ಲಾತೂರು, ಧಾರಾಶಿವ, ಸೊಲ್ಲಾಪುರ ಜಿಲ್ಲೆಗಳಲ್ಲಿ ಇದೇ ದಿನವನ್ನು ‘ವೇಳಾ ಅಮಾವಾಸ್ಯೆ’, ಆಡುಮಾತಿನಲ್ಲಿ ‘ಯೇಳವಸ್’ ಎಂದು ಕರೆಯುತ್ತಾರೆ. ಅಲ್ಲಿಯೂ ಭಜ್ಜಿಯೇ ಪ್ರಧಾನ, ಅಲ್ಲಿಯೂ ಹೊಲದಲ್ಲಿಯೇ ಊಟ. ಹೆಸರಿನ ಧ್ವನಿಸಾಮ್ಯವು ಕನ್ನಡದಿಂದ ಮರಾಠಿಗೆ ಹೋದುದೆಂದು ಊಹಿಸಲು ಎಡೆಮಾಡಿಕೊಡುತ್ತದೆ. ಅದೇನೇ ಇರಲಿ, ಹಬ್ಬದ ಎಲ್ಲೆ ಭಾಷೆಯ ಎಲ್ಲೆಯಲ್ಲ, ಮಣ್ಣಿನ ಎಲ್ಲೆ. ಹಿಂಗಾರಿನ ಜೋಳ ಬೆಳೆಯುವ ಕಪ್ಪುಮಣ್ಣು ಎಲ್ಲಿಯವರೆಗೆ ಹಬ್ಬಿದೆಯೋ ಬಹುಮಟ್ಟಿಗೆ ಅಲ್ಲಿಯವರೆಗೆ ಈ ಹಬ್ಬವೂ ಇದೆ.

ಅಂದು ಬೆಳಗಿನ ಜಾವದಲ್ಲಿಯೇ ಒಲೆ ಹೊತ್ತುತ್ತದೆ. ಎಳ್ಳು ಒತ್ತಿ ತಟ್ಟಿದ ಸಜ್ಜೆಯ ಕಟಿರೊಟ್ಟಿಗಳು ಮೂರು ನಾಲ್ಕು ದಿನ ಮೊದಲೇ ಸಿದ್ಧವಾಗಿ ಒಣಗಿರುತ್ತವೆ. ಬಿಳಿಜೋಳದ ರೊಟ್ಟಿ, ಸಜ್ಜೆಯ ಕಡುಬು, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಹೆಸರುಕಾಳಿನ ಉಸುಳಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಅಗಸಿ–ಗುರೆಳ್ಳು–ಶೇಂಗಾ ಚಟ್ನಿಪುಡಿಗಳು, ಮಜ್ಜಿಗೆಯಲ್ಲಿ ಹುಳಿಯೇರಿದ ಜೋಳದ ಅಂಬಲಿ, ಎಲ್ಲಕ್ಕೂ ಮಿಗಿಲಾಗಿ ದೊಡ್ಡ ಪಾತ್ರೆಯ ತುಂಬ ಭಜ್ಜಿ. ಇವೆಲ್ಲವನ್ನೂ ಬುಟ್ಟಿಗಳಲ್ಲಿ ಹೊಂದಿಸಿ ಬಿಳಿ ಬಟ್ಟೆ ಮುಚ್ಚಿ, ಹಿಂದೆ ಎತ್ತಿನ ಬಂಡಿಯಲ್ಲಿ, ಈಗ ಹೆಚ್ಚಾಗಿ ಟ್ರ್ಯಾಕ್ಟರ್ ಅಥವಾ ಟಂಟಂಗಳಲ್ಲಿ ಹೊಲಕ್ಕೆ ಒಯ್ಯುತ್ತಾರೆ.

ಹೊಲದಲ್ಲಿ ಬನ್ನಿಯ ಗಿಡದ ಬುಡದಲ್ಲಿ, ಅದಿಲ್ಲದಿದ್ದರೆ ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಗುಡಿಸಲಿನಲ್ಲಿ, ಐದು ಕಲ್ಲುಗಳನ್ನು ಇಟ್ಟು ಸುಣ್ಣ ಬಳಿದು ಕುಂಕುಮ ಹಚ್ಚುತ್ತಾರೆ. ಅವು ಪಾಂಡವರು. ಪಾಂಡವರ ಹೆಸರು ಈ ಕಲ್ಲುಗಳಿಗೆ ತರುವಾಯ ಬಂದಿರಬೇಕೆಂದೇ ನನ್ನ ಭಾವನೆ. ಹೊಲದ ಕಾವಲಿನ ಕಲ್ಲುಗಳು ಮಹಾಭಾರತದ ನೆರವಿಲ್ಲದೆಯೂ ನಿಲ್ಲಬಲ್ಲವು. ಪೂಜೆಯಾದ ಬಳಿಕ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಬೆರೆಸಿ, ಒಬ್ಬನು ಬೆಳೆಯ ನಡುವೆ ಚೆಲ್ಲುತ್ತ ಹೊಲದ ನಾಲ್ಕೂ ದಿಕ್ಕಿಗೆ ಸುತ್ತುತ್ತಾನೆ. ಮತ್ತೊಬ್ಬನು ಹಿಂದಿನಿಂದ ನೀರು ಚಿಮುಕಿಸುತ್ತ ಕೂಗು ಹಾಕುತ್ತ ಬರುತ್ತಾನೆ. ಇದೇ ಚರಗ. ಸಂಸ್ಕೃತದ ‘ಚರು’ ಶಬ್ದದೊಡನೆ ಇದನ್ನು ಜೋಡಿಸುವುದುಂಟು. ಆದರೆ ಚರುವು ಅಗ್ನಿಗೆ ಸಲ್ಲುವ ಅನ್ನ, ಚರಗವಾದರೋ ಮಣ್ಣಿಗೆ ಸಲ್ಲುವ ಅನ್ನ. ವ್ಯತ್ಯಾಸ ಅಲ್ಪವಾದುದಲ್ಲ.

ಚರಗದ ಹಿಂದಿನ ಕಲ್ಪನೆ ಸರ್ವವಿದಿತ. ತೆನೆ ಹೊರಲು ಸಿದ್ಧಳಾದ ಭೂಮಿ ಗರ್ಭಿಣಿ. ಅವಳ ಬಯಕೆ ತೀರಿಸಬೇಕು. ಮಲೆನಾಡಿನಲ್ಲಿ ಇದೇ ಕಲ್ಪನೆ ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಲ್ಲಿದೆ. ಸಾಗರ, ಸೊರಬ ಭಾಗದ ದೀವರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ನೂರಾರು ಬಗೆಯ ಸೊಪ್ಪು, ಕುಡಿಗಳಿಂದ ಮಾಡಿದ ಅಡುಗೆಯನ್ನು ಗದ್ದೆಗೆ ಒಯ್ದು ಬೀರುತ್ತಾರೆ. ಅಲ್ಲಿ ಭತ್ತ ಹೊಡೆತುಂಬುವ ಕಾಲ, ಇಲ್ಲಿ ಜೋಳ ಹೊಡೆಯಿಂದ ತೆನೆಗೆ ಸಾಗುವ ಕಾಲ. ಎರಡರ ನಡುವೆ ಎರಡು ತಿಂಗಳಿಗೂ ಮಿಕ್ಕ ಅಂತರವಿದ್ದರೂ ಬೆಳೆಯ ಅವಸ್ಥೆ ಒಂದೇ. ಎರೆಭೂಮಿಯ ಕೆಲವು ಊರುಗಳಲ್ಲಿ ಸೀಗಿ ಹುಣ್ಣಿಮೆಗೂ ಚರಗ ಚೆಲ್ಲುವ ರೂಢಿ ಇದೆ. ಅದು ಮುಂಗಾರಿನ ಬೆಳೆಗೆ ಸಂಬಂಧಿಸಿದ್ದು.

ಭಜ್ಜಿಯೆಂಬ ಹೊಲದ ಲೆಕ್ಕ

ಭಜ್ಜಿಗೆ ಏನೇನು ಬೀಳುತ್ತದೆ ಎಂಬುದನ್ನು ವಿವರವಾಗಿ ನೋಡುವುದು ಉಚಿತ. ಮೆಂತೆ, ಪಾಲಕ, ಪುಂಡಿ, ಕಡಲೆಯ ಕುಡಿ, ಕುಸುಬೆಯ ಎಳೆಸೊಪ್ಪು, ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿಯ ತಪ್ಪಲು; ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ; ಬದನೆ, ಗಜ್ಜರಿ, ಹಸಿಮೆಣಸು. ಮನೆಯಿಂದ ಮನೆಗೆ ಇದು ವ್ಯತ್ಯಾಸವಾಗುತ್ತದೆ. ಹದಿನೆಂಟು ಬಗೆ ಇರಬೇಕೆಂದು ಕೆಲವರು, ಇಪ್ಪತ್ತೊಂದು ಎಂದು ಕೆಲವರು ಹೇಳುವುದುಂಟು. ಸಂಖ್ಯೆ ಮುಖ್ಯವಲ್ಲ. ಹೊಲದಲ್ಲಿ ಅಂದು ಹಸಿಯಾಗಿ ದೊರೆಯುವ ತಿನ್ನಬಹುದಾದುದೆಲ್ಲವೂ ಅದರಲ್ಲಿ ಇರಬೇಕೆಂಬುದೇ ನಿಯಮ. ಆದ್ದರಿಂದ ಭಜ್ಜಿಯನ್ನು ಒಂದು ಪಾಕವಿಧಾನ ಎನ್ನುವುದಕ್ಕಿಂತ ಆ ವರ್ಷದ ಹೊಲದ ಲೆಕ್ಕಪತ್ರ ಎನ್ನುವುದು ಹೆಚ್ಚು ಸರಿಯಾದೀತು. ಯಾವ ಮನೆಯ ಹೊಲದಲ್ಲಿ ಎಷ್ಟು ಬಗೆಯ ಬೆಳೆ ಇದೆ ಎಂಬುದನ್ನು ಆ ಮನೆಯ ಭಜ್ಜಿಯ ಬಣ್ಣದಿಂದಲೇ ಹೇಳಬಲ್ಲ ಮುದುಕಿಯರು ನಮ್ಮೂರಲ್ಲಿ ಇದ್ದರು.

ಈ ಸಾಮಗ್ರಿಗಳು ಒಂದೇ ಕಾಲಕ್ಕೆ ಒದಗುವುದಕ್ಕೆ ಬೇಸಾಯದ ಕ್ರಮವೇ ಕಾರಣ. ಎರೆಮಣ್ಣು ನೀರನ್ನು ಹಿಡಿದಿಡುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳ, ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ, ಹೊಲದ ಅಂಚಿಗೆ ದನ ಬಾರದಂತೆ ಹಾಕಿದ ಮುಳ್ಳಿನ ಕುಸುಬೆ ಇವೆಲ್ಲ ಮುಂದೆ ಮಳೆಯಿಲ್ಲದೆ, ನೆಲದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಬೆಳೆಯುತ್ತವೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಆಗಿನ್ನೂ ಹೊಲದಲ್ಲಿಯೇ ಇದ್ದು ಕಾಯಿ ತುಂಬಿಕೊಂಡಿರುತ್ತದೆ. ಅದರ ಸಾಲುಗಳ ನಡುವೆ ಬೆಳೆದ ಹೆಸರು, ಉದ್ದು, ಎಳ್ಳು, ಸಜ್ಜೆ ಅಷ್ಟರಲ್ಲಿ ಕಟಾವಾಗಿ ಮನೆ ಸೇರಿವೆ. ಹೀಗಾಗಿ ರೊಟ್ಟಿಗೂ ಹೋಳಿಗೆಗೂ ಮುಂಗಾರಿನ ಕಾಳು, ಭಜ್ಜಿಗೆ ಹಿಂಗಾರಿನ ಹಸಿ. ಎರಡು ಹಂಗಾಮುಗಳು ಒಂದೇ ಎಲೆಯಲ್ಲಿ ಸೇರುವ ದಿನ ವರ್ಷದಲ್ಲಿ ಇದೊಂದೇ.

ಕಡಲೆಯ ಕುಡಿಯ ವಿಚಾರ ಸ್ವಲ್ಪ ವಿಶೇಷವಾದುದು. ಬಿತ್ತಿದ ಒಂದು ತಿಂಗಳಿನಿಂದ ನಲವತ್ತು ದಿನಗಳ ಒಳಗೆ ಕುಡಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಇದನ್ನು ಕೃಷಿ ವಿಜ್ಞಾನಿಗಳೂ ಶಿಫಾರಸು ಮಾಡುತ್ತಾರೆ. ಚಿವುಟಿದ ಕುಡಿಯನ್ನು ಹೆಂಗಸರು ಉಡಿಯಲ್ಲಿ ತಂದು ಒಣಗಿಸಿಟ್ಟುಕೊಳ್ಳುತ್ತಾರೆ, ಉಳಿದ ಹಸಿಯದು ಪಲ್ಯಕ್ಕೆ. ಕಡಲೆಯ ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಬೆಳಗಿನ ಜಾವ ಕಡಲೆಯ ಹೊಲದಲ್ಲಿ ನಡೆದವರ ಕಾಲು ಕಡಿಯುವುದು ಇದರಿಂದಲೇ. ರಾತ್ರಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಆ ಬಟ್ಟೆಯನ್ನು ಬೆಳಿಗ್ಗೆ ಹಿಂಡಿ ಹುಳಿಯನ್ನು ಸಂಗ್ರಹಿಸುವ ಪದ್ಧತಿಯೂ ಇತ್ತು. ಹೊಟ್ಟೆನೋವಿಗೆ ಅದು ಮನೆಮದ್ದು. ಭಜ್ಜಿಯ ಹುಳಿಯಲ್ಲಿ ಹುಣಸೆಯ ಪಾಲು ಎಷ್ಟು, ಕಡಲೆಕುಡಿಯ ಪಾಲು ಎಷ್ಟು ಎಂಬುದನ್ನು ನಾಲಗೆ ಬಲ್ಲವರು ಬೇರ್ಪಡಿಸಿ ಹೇಳುತ್ತಾರೆ.

ಬಿತ್ತದೆ ಬೆಳೆಯುವ ಸೊಪ್ಪುಗಳದು ಮತ್ತೊಂದು ಗುಂಪು. ಹಕ್ಕರಿಕೆ, ರಾಜಗಿರಿ, ಗೋಣಿಸೊಪ್ಪು ಮೊದಲಾದವು ಕೃಷಿಶಾಸ್ತ್ರದ ಭಾಷೆಯಲ್ಲಿ ಕಳೆಗಳು. ಕಳೆ ತೆಗೆಯುವ ಹೆಂಗಸಿಗೆ ಅವು ಕಳೆಯಲ್ಲ. ಕುರ್ಚಿಗೆಯಿಂದ ಕಿತ್ತ ಗಿಡಗಳಲ್ಲಿ ಯಾವುದನ್ನು ಬದುವಿಗೆ ಎಸೆಯಬೇಕು, ಯಾವುದನ್ನು ಸೆರಗಿಗೆ ಹಾಕಿಕೊಳ್ಳಬೇಕು ಎಂಬ ವಿವೇಕ ಅವಳದು. ಆ ಜ್ಞಾನ ಯಾವ ಗ್ರಂಥದಲ್ಲಿಯೂ ಇಲ್ಲ. ಹೊಲದ ಒಡೆತನ ಇಲ್ಲದ ಕೂಲಿಯ ಹೆಂಗಸಿಗೂ ಈ ಸೊಪ್ಪಿನ ಮೇಲೆ ಹಕ್ಕು ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಹಾಗಾಗಿ ಹೊಲವಿಲ್ಲದವರ ಮನೆಯಲ್ಲಿಯೂ ಒಂದು ಭಜ್ಜಿ ಕುದಿಯಲು ಸಾಧ್ಯವಿತ್ತು.

ತಿಥಿ ಚಂದ್ರನದು, ಬೆಳೆ ಸೂರ್ಯನದು. ಇವೆರಡರ ತಾಳ ಎಲ್ಲ ವರ್ಷವೂ ಕೂಡುವುದಿಲ್ಲ. ಎಳ್ಳ ಅಮಾವಾಸ್ಯೆ 2022ರಲ್ಲಿ ಡಿಸೆಂಬರ್ 23ರಂದು ಬಂದಿತು. 2023ರಲ್ಲಿ ಶ್ರಾವಣ ಅಧಿಕಮಾಸವಾದ್ದರಿಂದ ಅದರ ಮುಂದಿನದು 2024ರ ಜನವರಿ 11ಕ್ಕೆ ಸರಿಯಿತು. ಅದೇ 2024ರ ಡಿಸೆಂಬರ್ 30ರಂದು ಮತ್ತೊಂದು ಬಂದಿತು. ಮೂರು ವಾರಗಳ ಈ ಹಿಂದುಮುಂದು ಎಲೆಯ ಮೇಲೆ ಕಾಣುತ್ತದೆ. ಹಬ್ಬ ತಡವಾದ ವರ್ಷ ಜೋಳದ ತೆನೆಯಲ್ಲಿ ಹಾಲು ತುಂಬಿ ಕಾಳು ಎಳೆಯದಾಗಿರುತ್ತದೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಕೈಯಲ್ಲಿ ತಿಕ್ಕಿ ತಿನ್ನುವ ‘ಸೀತನಿ’ ಅಂದೇ ದೊರೆಯುತ್ತದೆ, ಕಡಲೆಯ ಸುಲಗಾಯಿಯೂ ಸಿಗುತ್ತದೆ. ಹಬ್ಬ ಬೇಗ ಬಂದ ವರ್ಷ ಇವೆರಡೂ ಇಲ್ಲ, ಬದಲಿಗೆ ಸೊಪ್ಪು ಹೆಚ್ಚು. ಹಬ್ಬ ಬೇಗ ಬಂದ ವರ್ಷದ ಭಜ್ಜಿ ಹಸಿರು, ತಡವಾದ ವರ್ಷದ್ದು ಕಾಳಿನಿಂದ ದಪ್ಪ.

‘ಸ್ಥಳೀಯ’ ಎಂಬುದರ ಚರಿತ್ರೆ

ಈ ಊಟವನ್ನು ಸಂಪೂರ್ಣವಾಗಿ ನೆಲದ್ದೇ ಊಟ ಎಂದು ಹೊಗಳುವ ರೂಢಿ ಇತ್ತೀಚೆಗೆ ಹೆಚ್ಚಾಗಿದೆ. ಆ ಮಾತು ನಿಜವೇ, ಆದರೆ ಅದರ ಅರ್ಥ ಸರಳವಲ್ಲ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಿಂದ ದೊರೆತ ಸುಟ್ಟ ಕಾಳುಗಳ ಅಧ್ಯಯನದಿಂದ, ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದೆಡೆ ನಾಲ್ಕು ಸಾವಿರ ವರ್ಷಗಳ ಹಿಂದೆ ಜನರು ಮುಖ್ಯವಾಗಿ ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳನ್ನು ಬೆಳೆಯುತ್ತಿದ್ದರೆಂದು ತಿಳಿದುಬಂದಿದೆ. ಇಂದು ನಮ್ಮ ಹಬ್ಬದ ಬುಟ್ಟಿಯಲ್ಲಿ ಪ್ರಧಾನವಾದ ಜೋಳ ಮತ್ತು ಸಜ್ಜೆ ಆಫ್ರಿಕದಲ್ಲಿ ಪಳಗಿ ಅನಂತರ ಇಲ್ಲಿಗೆ ಬಂದವು. ಕಡಲೆಯ ತವರು ಪಶ್ಚಿಮ ಏಷ್ಯ. ತೊಗರಿ ಮತ್ತು ಎಳ್ಳು ಭಾರತದವೇ. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ನಂತರ ಬಂದವು. ಅದರಲ್ಲಿಯೂ ಶೇಂಗಾ ದಖ್ಖನಿನ ಹೊಲಗಳಲ್ಲಿ ವ್ಯಾಪಕವಾದುದು 19ನೆಯ ಶತಮಾನದ ಉತ್ತರಾರ್ಧದ ಈಚೆಗೆ.

ಈ ಹಬ್ಬದ ನಡುನೆಲದಲ್ಲಿಯೇ ಇರುವ ಕಲ್ಯಾಣವು, ಎಂದರೆ ಇಂದಿನ ಬಸವಕಲ್ಯಾಣವು, ಚಾಲುಕ್ಯರ ರಾಜಧಾನಿಯಾಗಿತ್ತು; ಆ ಚಾಲುಕ್ಯರ ಆಶ್ರಯದಲ್ಲಿ ಆಹಾರವನ್ನು ಕುರಿತ ಎರಡು ಮಹತ್ವದ ಕೃತಿಗಳು ಹುಟ್ಟಿದವು. ಒಂದು, 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ ಕನ್ನಡ ‘ಲೋಕೋಪಕಾರ’. ಬೇಸಾಯ, ವೃಕ್ಷಾಯುರ್ವೇದ, ಜಲಶೋಧನೆಗಳ ಜೊತೆಗೆ ಸೂಪಶಾಸ್ತ್ರಕ್ಕೂ ಅದರಲ್ಲಿ ಒಂದು ಅಧ್ಯಾಯ ಮೀಸಲು. ಇನ್ನೊಂದು, ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ (1129). ಅದರ ಅನ್ನಭೋಗ ಪ್ರಕರಣದಲ್ಲಿ ಬೇಳೆಕಾಳುಗಳ ಪಾಕ ವಿಸ್ತಾರವಾಗಿದೆ. ಆ ಅಡುಗೆಗಳ ಖಾರಕ್ಕೆ ಕರಿಮೆಣಸು ಇತ್ತೇ ಹೊರತು ಮೆಣಸಿನಕಾಯಿ ಇರಲಿಲ್ಲ. ಅಂದರೆ ಚಾಲುಕ್ಯರ ಕಾಲದ ಒಕ್ಕಲಿಗನೊಬ್ಬನು ಚರಗ ಚೆಲ್ಲಿದ್ದರೆ ಅವನ ಅಡುಗೆಯಲ್ಲಿ ಇಂದಿನ ಭಜ್ಜಿಯ ಅರ್ಧದಷ್ಟು ರುಚಿ ಇರುತ್ತಿರಲಿಲ್ಲ. ಅರಮನೆಯ ಗ್ರಂಥಗಳು ಅರಸನ ಎಲೆಯನ್ನು ವರ್ಣಿಸುತ್ತವೆ. ಹೊಲದ ಬದುವಿನ ಊಟ ಅವುಗಳ ಕಣ್ಣಿಗೆ ಬೀಳದುದು ಸಹಜ.

ಹೀಗೆ ನೋಡಿದರೆ ಒಂದು ಬೆಳೆ ಸ್ಥಳೀಯವಾಗುವುದು ಅದರ ಮೂಲದಿಂದಲ್ಲ, ಅದು ಆ ನೆಲದ ಹಂಗಾಮಿನೊಳಗೆ ಹೊಂದಿಕೊಂಡು ಅಲ್ಲಿನ ಬೀಜವನ್ನೇ ಮರಳಿ ಬಿತ್ತುವಂತಾದಾಗ. ಸೊಲ್ಲಾಪುರ ಸೀಮೆಯ ಮಾಲದಂಡಿ ಎಂಬ ನಾಟಿ ಜೋಳದಿಂದ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ. 35–1 ತಳಿಯನ್ನು ಇಂದಿಗೂ ಹಿಂಗಾರಿನ ರೈತರು ಕೈಬಿಟ್ಟಿಲ್ಲ. ಮುತ್ತಿನಂತಹ ಅದರ ಕಾಳು ರೊಟ್ಟಿಗೆ ಒಗ್ಗುತ್ತದೆ, ಕಣಿಕೆ ದನಕ್ಕೆ ಒಗ್ಗುತ್ತದೆ. ಎಷ್ಟೋ ಹೊಸ ತಳಿಗಳು ಬಂದು ಹೋದುದನ್ನು ಕಂಡ ಒಕ್ಕಲಿಗನು ಇದನ್ನು ತನ್ನ ಅಜ್ಜನ ಜೋಳವೆಂದೇ ತಿಳಿದಿದ್ದಾನೆ.

ಬೇಳೆ, ಸೊಪ್ಪು ಮತ್ತು ಜೋಳದ ಕೂಟಕ್ಕೆ ಪೋಷಣೆಯ ಮುಖವೂ ಉಂಟು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಹೈದರಾಬಾದಿನಲ್ಲಿ ನಡೆಸಿದ ಸಂಶೋಧನೆಯಲ್ಲಿ, ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಪೆಲಗ್ರಾ ರೋಗ ಕಾಣಿಸುವುದನ್ನು ಗುರುತಿಸಿ, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಆಧಿಕ್ಯಕ್ಕೂ ಅದಕ್ಕೂ ಸಂಬಂಧ ಇರಬಹುದೆಂದು ಸೂಚಿಸಿದರು. ಈ ವಾದವನ್ನು ಕುರಿತು ಅನಂತರ ಚರ್ಚೆಗಳು ನಡೆದಿವೆ. ಆದರೆ ನಮ್ಮ ಪ್ರಸ್ತುತಕ್ಕೆ ಮುಖ್ಯವಾದ ಸಂಗತಿ ಬೇರೆ. ರೋಗಿಗಳು ತಿನ್ನುತ್ತಿದ್ದುದು ಜೋಳವನ್ನು, ಬಹುಮಟ್ಟಿಗೆ ಜೋಳವನ್ನೇ. ಬೇಳೆ, ಸೊಪ್ಪು, ಹಾಲು ಅವರ ಕೈಗೆ ಎಟುಕುತ್ತಿರಲಿಲ್ಲ. ರೊಟ್ಟಿಯ ಜೊತೆ ಭಜ್ಜಿಯೂ ಇರುವ ಎಲೆ ಮತ್ತು ಬರಿಯ ರೊಟ್ಟಿ–ಖಾರದ ಎಲೆ ಒಂದೇ ಊರಿನಲ್ಲಿ ಅಕ್ಕಪಕ್ಕದ ಮನೆಗಳಲ್ಲಿದ್ದವು. ಹಬ್ಬದೂಟದ ಸಮೃದ್ಧಿಯನ್ನು ವರ್ಣಿಸುವವರು ಇದನ್ನು ಮರೆಯುವಂತಿಲ್ಲ. ಹೊಲವಿಲ್ಲದವರನ್ನು ಅಂದು ತಮ್ಮ ಹೊಲಕ್ಕೆ ಕರೆದು ಉಣಿಸುವುದು ಒಕ್ಕಲು ಮನೆಗಳ ಸಂಪ್ರದಾಯ, ಅದು ದೊಡ್ಡ ಗುಣವೇ. ಆದರೆ ಯಾರ ಪಂಕ್ತಿ ಬನ್ನಿಗಿಡದ ನೆರಳಿನಲ್ಲಿ, ಯಾರ ಪಂಕ್ತಿ ಬದುವಿನಾಚೆ ಎಂಬ ಗೆರೆಯೂ ಅಲ್ಲಿಯೇ ಇತ್ತು. ಅದು ಈಚೆಗೆ ಮಸುಕಾಗಿದೆ, ಎಲ್ಲೆಡೆ ಅಳಿಸಿಲ್ಲ.

ಹೊಲ ಬದಲಾದಾಗ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಕಲಬುರಗಿ ಅಥವಾ ಬೀದರದ ಕಾಯಿಪಲ್ಯದ ಮಾರುಕಟ್ಟೆಗೆ ಹೋದವರು ಅಲ್ಲಿನ ನೂಕುನುಗ್ಗಲನ್ನು ನೋಡಿರುತ್ತಾರೆ. ಭಜ್ಜಿಗೆ ಬೇಕಾದ ಸೊಪ್ಪು, ಸುಲಿದ ಹಸಿಕಾಳು, ಕಾಯಿಗಳು ರಾಶಿರಾಶಿಯಾಗಿ ಬಿದ್ದಿರುತ್ತವೆ. ಕೊಳ್ಳುವವರು ಪಟ್ಟಣಿಗರು ಮಾತ್ರವಾಗಿದ್ದರೆ ವಿಶೇಷವಿರಲಿಲ್ಲ. ಹಳ್ಳಿಯಿಂದ ಬಂದ ರೈತರೇ ಚೀಲ ಹಿಡಿದು ನಿಂತಿರುತ್ತಾರೆ. ಹೊಲದಿಂದ ಮನೆಗೆ, ಮನೆಯಿಂದ ಹೊಲಕ್ಕೆ ಇದ್ದ ದಾರಿ ಈಗ ಮಾರುಕಟ್ಟೆಯ ಮೂಲಕ ಸುತ್ತಿ ಬರುತ್ತಿದೆ.

ಇದರ ಕಾರಣಗಳು ಒಂದೆರಡಲ್ಲ. ಬೀದರ ಜಿಲ್ಲೆಯ ಮುಂಗಾರಿನಲ್ಲಿ ಹೆಸರು, ಉದ್ದು, ಜೋಳಗಳ ಜಾಗವನ್ನು ಬಹುಮಟ್ಟಿಗೆ ಸೋಯಾ ಅವರೆ ಆಕ್ರಮಿಸಿತು. ಸೋಯಾ ಗಿಡದಿಂದ ಭಜ್ಜಿಗೆ ಒಂದು ಎಲೆಯೂ ಒದಗುವುದಿಲ್ಲ, ಒಂದು ಕಾಳೂ ಮನೆಗೆ ಬರುವುದಿಲ್ಲ. ಅದು ನೇರವಾಗಿ ಎಣ್ಣೆಯ ಗಿರಣಿಗೆ ಹೋಗುವ ಬೆಳೆ. ಭೀಮಾ ತೀರದಲ್ಲಿ ಕಬ್ಬು, ಯಾದಗಿರಿಯ ಕಾಲುವೆ ಪ್ರದೇಶದಲ್ಲಿ ಹತ್ತಿ ಮತ್ತು ಭತ್ತ, ಇನ್ನೂ ಕೆಳಗೆ ತುಂಗಭದ್ರೆಯ ಎಡದಂಡೆಯಲ್ಲಿ ಬಹು ಹಿಂದಿನಿಂದಲೂ ಭತ್ತ. ನೀರು ಬಂದುದು ಒಳ್ಳೆಯದಾಯಿತು, ಬರದ ಹೆದರಿಕೆ ತಗ್ಗಿತು. ಆದರೆ ಭತ್ತದ ಗದ್ದೆಯಲ್ಲಿ ಹಕ್ಕರಿಕೆ ಬೆಳೆಯದು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಕೂಲಿಯ ಹೆಂಗಸಿಗೆ ಕೆಲಸವೂ ಇಲ್ಲ, ಉಡಿಗೆ ಸೊಪ್ಪೂ ಇಲ್ಲ.

ತೊಗರಿಯ ಕಥೆ ಇನ್ನೂ ಸೂಕ್ಷ್ಮವಾದುದು. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೀಗಿರುವಾಗ ಹಸಿ ತೊಗರಿಗೆ ಕೊರತೆ ಏಕೆ ಬರಬೇಕು? ಉತ್ತರ ತಳಿಯ ಅವಧಿಯಲ್ಲಿದೆ. ಹಿಂದಿನ ನಾಟಿ ತೊಗರಿಗಳು ನಿಧಾನವಾಗಿ ಬೆಳೆದು ಡಿಸೆಂಬರಿನ ಕೊನೆಗೂ ಹಸಿ ಕಾಯಿಯನ್ನು ಹೊತ್ತಿರುತ್ತಿದ್ದವು. ಸೊರಗುರೋಗ ತಡೆಯಬಲ್ಲ ‘ಮಾರುತಿ’ 1980ರ ದಶಕದಲ್ಲಿ ಬಂದಿತು, ಅನಂತರ ಟಿ.ಎಸ್. 3ಆರ್ ಮೊದಲಾದ ಅಲ್ಪಾವಧಿಯ ತಳಿಗಳು ಬಂದವು. ಇವು ರೈತನನ್ನು ರೋಗದಿಂದಲೂ ಹಿಂಗಾರಿನ ಹಸಿ ಕೊರತೆಯಿಂದಲೂ ಕಾಪಾಡಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜೂನ್ ಕೊನೆಯಲ್ಲಿ ಬಿತ್ತಿದ ಇಂತಹ ತೊಗರಿ ಡಿಸೆಂಬರಿನ ಮೊದಲ ವಾರಗಳಲ್ಲಿಯೇ ಒಣಗುತ್ತದೆ. ಹಬ್ಬ ಜನವರಿಗೆ ಬಿದ್ದ ವರ್ಷ ತೊಗರಿಯ ನಾಡಿನಲ್ಲಿಯೇ ಹಸಿ ತೊಗರಿಯನ್ನು ಹುಡುಕಬೇಕಾಗುತ್ತದೆ.

ಇನ್ನು ಕಾಯಿಕೊರಕ. 1997–98ರಲ್ಲಿ ಈ ಹುಳುವಿನ ಹಾವಳಿ ಮತ್ತು ಅಕಾಲ ಮಳೆಯಿಂದ ತೊಗರಿ ನೆಲಕಚ್ಚಿ, ಬೀದರ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಸಾಲದಲ್ಲಿ ಮುಳುಗಿದ ರೈತರ ಆತ್ಮಹತ್ಯೆಗಳು ನಡೆದವು. ಕರ್ನಾಟಕದಲ್ಲಿ ಆ ದಾರುಣ ಸರಣಿಯ ಆರಂಭಗಳಲ್ಲಿ ಅದೂ ಒಂದು. ಔಷಧಕ್ಕೆ ಹುಳು ಬಗ್ಗದಾದಾಗ ಗಿಡಗಳನ್ನು ಅಲುಗಾಡಿಸಿ ಕೆಳಗೆ ಹಿಡಿದ ಬಟ್ಟೆಯಲ್ಲಿ ಹುಳುಗಳನ್ನು ಉದುರಿಸುವ ಹಳೆಯ ಉಪಾಯಕ್ಕೆ ಜನರು ಮರಳಿದರು. ಚರಗವನ್ನು ಹೊಸದಾಗಿ ವ್ಯಾಖ್ಯಾನಿಸುವ ಪ್ರಯತ್ನವೂ ಇಲ್ಲಿಯೇ ಬಲಗೊಂಡಿತು. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿಗಳು ಹುಳುಗಳನ್ನೂ ಹೆಕ್ಕಿ ತಿನ್ನುತ್ತವೆ, ಆದ್ದರಿಂದ ಚರಗ ಒಂದು ಕೀಟನಿರ್ವಹಣೆಯ ಕ್ರಮ ಎಂಬುದು ಆ ವ್ಯಾಖ್ಯಾನ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ವರ್ಷಕ್ಕೊಮ್ಮೆ ಚೆಲ್ಲುವ ಹಿಡಿ ಅನ್ನದಿಂದ ಹುಳು ಹತೋಟಿಗೆ ಬರುವುದೆಂದು ಯಾವ ಒಕ್ಕಲಿಗನೂ ನಂಬಿರಲಿಲ್ಲ. ಭೂಮಿಗೆ ಉಣಿಸುವುದಕ್ಕೆ ಇನ್ನೊಂದು ಪ್ರಯೋಜನವನ್ನು ಹುಡುಕಲೇಬೇಕೆಂಬ ಹಟ ವಿದ್ಯಾವಂತರದು.

ಕೀಟನಾಶಕವು ಮತ್ತೊಂದು ಬಿಕ್ಕಟ್ಟನ್ನು ತಂದಿದೆ. ಕಾಯಿಕೊರಕಕ್ಕೆ ಸಿಂಪಡಣೆ ನಡೆಯುವುದು ಹೂವು ಕಾಯಿಯಾಗುವ ಹೊತ್ತಿನಲ್ಲಿ. ಒಣ ಕಾಳಿಗಾಗಿ ಬೆಳೆದ ಬೆಳೆಗೆ ಸಿಂಪಡಣೆಯಿಂದ ಕೊಯ್ಲಿನವರೆಗೆ ದಿನಗಳಿರುತ್ತವೆ. ಹಬ್ಬಕ್ಕೆ ಹಸಿಕಾಯಿ ಬಿಡಿಸುವವನಿಗೆ ಆ ಅವಕಾಶವಿಲ್ಲ. ಇದನ್ನು ಅರಿತ ಕೆಲವು ಮನೆಗಳವರು ಎರಡು ಸಾಲುಗಳನ್ನು ಔಷಧ ಮುಟ್ಟಿಸದೆ ಬಿಡುತ್ತಾರೆ. ಆ ಸಾಲುಗಳಲ್ಲಿ ಹುಳು ಹೆಚ್ಚು, ಫಸಲು ಕಡಿಮೆ. ಆದರೂ ಬಿಡುತ್ತಾರೆ.

ನಿತ್ಯದ ಊಟವೂ ಬದಲಾಗಿದೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಜಾರಿಯಾದ ಮೇಲೆ ಜೋಳದ ಸೀಮೆಯ ಬಡವರ ಮನೆಗಳಲ್ಲಿ ಅಕ್ಕಿಯ ಬಳಕೆ ಹೆಚ್ಚಿತು. ಹಸಿವು ಇಂಗಿಸಿದ ಆ ಅಕ್ಕಿಯನ್ನು ದೂರಲು ನನಗೆ ಮನಸ್ಸಿಲ್ಲ; ಬರಿಯ ಜೋಳದ ಎಲೆಯ ಕಥೆಯನ್ನು ಮೇಲೆ ಹೇಳಿಯಾಗಿದೆ. ಹಬ್ಬದ ಬುಟ್ಟಿಯಲ್ಲಿಯೂ ಈಗ ಚಿತ್ರಾನ್ನ, ಮೊಸರನ್ನಗಳು ಸೇರಿವೆ. ಸಜ್ಜೆಯ ರೊಟ್ಟಿ ತಟ್ಟಲು ಬಲ್ಲ ಸೊಸೆಯಂದಿರು ಕಡಿಮೆಯಾಗಿ, ಕಟಿರೊಟ್ಟಿಯನ್ನು ಸ್ವಸಹಾಯ ಸಂಘಗಳ ಮಹಿಳೆಯರಿಂದ ಕೊಂಡು ತರುವುದೂ ಸಾಮಾನ್ಯವಾಗಿದೆ. ಇದನ್ನು ಅವನತಿ ಎಂದು ಕರೆಯುವುದು ಸುಲಭ. ಆದರೆ ನಾಲ್ಕು ದಿನ ಒಲೆಯ ಮುಂದೆ ಕುಳಿತು ನೂರಾರು ರೊಟ್ಟಿ ತಟ್ಟಿದವಳ ಬೆನ್ನನ್ನು ಕೇಳಿದರೆ ಉತ್ತರ ಬೇರೆ ಬಂದೀತು. ರೊಟ್ಟಿ ಕೊಂಡರೂ ಅದರ ಸಜ್ಜೆ, ಎಳ್ಳು ಇಲ್ಲಿನವೇ ಆಗಿರುತ್ತವೆ, ತಟ್ಟಿದವಳಿಗೆ ಕೂಲಿಯೂ ಸಿಗುತ್ತದೆ. ಭಜ್ಜಿಯ ಸ್ಥಿತಿ ಹಾಗಲ್ಲ. ಮಾರುಕಟ್ಟೆಯ ಪಾಲಕ, ಬಟಾಣಿಗಳು ಎಲ್ಲಿಂದ ಬಂದವೆಂದು ಮಾರುವವನಿಗೂ ತಿಳಿಯದು.

ನಮ್ಮ ಮನೆಯ ಹೊಲಕ್ಕೆ ಕಬ್ಬು ಬಂದು ಹಲವು ವರ್ಷಗಳಾದವು. ಮೊದಲ ವರ್ಷದ ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೋದಾಗ, ಆಳೆತ್ತರ ಬೆಳೆದ ಕಬ್ಬಿನೊಳಗೆ ಸುತ್ತುವುದಕ್ಕೆ ದಾರಿಯೇ ಇರಲಿಲ್ಲ. ಬದುವಿನ ಮೇಲೆ ನಿಂತು ನಾಲ್ಕು ಕಡೆ ಎಸೆದು ಬಂದೆವು. ಕೂಗಿದ ಧ್ವನಿ ಕಬ್ಬಿನ ಗೋಡೆಗೆ ಬಡಿದು ಅಲ್ಲಿಯೇ ಸತ್ತಿತು. ಆ ಸಂಜೆ ತಾಯಿಯವರು ಹೆಚ್ಚು ಮಾತನಾಡಲಿಲ್ಲ. ಮರುವರ್ಷ ಕಬ್ಬು ಹಚ್ಚುವಾಗ ಬನ್ನಿಗಿಡದ ಸುತ್ತ ನಾಲ್ಕು ಗುಂಟೆಯಷ್ಟು ನೆಲವನ್ನು ಅವರು ಬಿಡಿಸಿಕೊಂಡರು. ಅದರಲ್ಲಿ ಒಂದು ಸಾಲು ನಾಟಿ ತೊಗರಿ, ಎರಡು ಸಾಲು ಜೋಳ, ನಡುವೆ ಕಡಲೆ, ಅಂಚಿಗೆ ಕುಸುಬೆ, ಬದಿಗೆ ಒಂದು ಮಡಿ ಮೆಂತೆ. ಲೆಕ್ಕಕ್ಕೆ ಅದರಿಂದ ನಷ್ಟವೆಂದು ತಮ್ಮಂದಿರು ಪ್ರತಿ ವರ್ಷವೂ ಹೇಳುತ್ತಾರೆ. ನಾಟಿ ತೊಗರಿಯ ಬೀಜಕ್ಕಾಗಿ ಆಚೆಯ ಊರಿನ ಬೀಗರ ಮನೆಯ ಗಡಿಗೆಯನ್ನು ಹುಡುಕಬೇಕಾಯಿತು. ಈಗ ಅಕ್ಕಪಕ್ಕದ ಹೊಲದವರೂ ಅಮಾವಾಸ್ಯೆಯ ಹಿಂದಿನ ಸಂಜೆ ಆ ನಾಲ್ಕು ಗುಂಟೆಗೆ ಬಂದು ತಮ್ಮ ಪಾತ್ರೆಗೆ ಬೇಕಾದಷ್ಟು ಕುಡಿ ಚಿವುಟಿಕೊಂಡು ಹೋಗುತ್ತಾರೆ.

ಭಜ್ಜಿ ಎಷ್ಟು ಮಾಡಿದರೂ ಅಂದೇ ಮುಗಿಯುವುದಿಲ್ಲ, ಮುಗಿಯಬಾರದೆಂದೇ ಹೆಚ್ಚು ಮಾಡುತ್ತಾರೆ. ಮರುದಿನಕ್ಕೆ ಅದು ಇನ್ನಷ್ಟು ಹುಳಿಯೇರಿ, ಕಾಳೆಲ್ಲ ಒಂದರೊಳಗೊಂದು ಬೆರೆತು, ಮೊದಲ ದಿನಕ್ಕಿಂತ ರುಚಿಯಾಗಿರುತ್ತದೆ. ಒಣಗಿದ ಸಜ್ಜೆರೊಟ್ಟಿಯನ್ನು ಮುರಿದು ಅದರಲ್ಲಿ ನೆನೆಸಿಟ್ಟು, ಹೊಲಕ್ಕೆ ಬಾರದಿದ್ದ ನೆರೆಮನೆಗಳಿಗೂ 1–2 ಬಟ್ಟಲು ಕಳುಹಿಸಿ, ಉಳಿದುದನ್ನು ಬೆಳಗಿನ ಬಿಸಿಲಿನಲ್ಲಿ ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಾರೆ.